ಎಳೆದಷ್ಟೂ ಬಿಗಿಯುವ ಗಂಟು

ಉರಿಮೂತ್ರ ಅಂದವರ ಕಾಲಿನ ಹೆಬ್ಬೆರಳ ಉಗುರಿಗೆ ನಮ್ಮಜ್ಜಿ ಎಲೆಅಡಿಕೆಯ ಸುಣ್ಣ ಹಚ್ಚುತ್ತಿದ್ದಳು. ಹೊಕ್ಕುಳಿಗೆ ಹರಳೆಣ್ಣೆ, ಕುಡಿಯಲು ಧನಿಯಾ ನೆನೆಸಿದ ನೀರು. ‘ಉಷ್ಣ ಆಗೈತೆ, ಇಳೀತದೆ ಬಿಡು’ ಅನ್ನುವುದು ಅವಳ ತೀರ್ಪು. ನಾಲ್ಕೈದು ದಿನಕ್ಕೆ ಇಳಿಯುತ್ತಲೂ ಇತ್ತು. ಆ ಇಳಿಕೆಗೂ ಸುಣ್ಣಕ್ಕೂ ಸಂಬಂಧವಿಲ್ಲ ಅನ್ನುವುದು ನನಗೆ ತಿಳಿಯಲು ಮೈಕ್ರೋಬಯಾಲಜಿ ಓದಬೇಕಾಯಿತು. ಮೂತ್ರಚೀಲದ ಸರಳ ಸೋಂಕು ಔಷಧವಿಲ್ಲದೆಯೂ ಹಲವರಲ್ಲಿ ವಾರದೊಳಗೆ ತಣ್ಣಗಾಗುತ್ತದೆ. ತಾನಾಗಿ ಇಳಿಯುವ ಕಾಯಿಲೆಗೆ ಏನು ಹಚ್ಚಿದರೂ ಅದೇ ಮದ್ದು ಅನ್ನಿಸಿಕೊಳ್ಳುತ್ತದೆ.

(ಪಠ್ಯಪುಸ್ತಕದವರು ‘ಮೂತ್ರಕೋಶ’ ಅನ್ನುತ್ತಾರೆ. ಜೀವಕೋಶದ ಮಾತು ಮುಂದೆ ಬಹಳ ಬರುವುದರಿಂದ ನಾನು ಮೂತ್ರಚೀಲ ಎಂದೇ ಬರೆಯುತ್ತೇನೆ.)

ಇಳಿದದ್ದು ಮತ್ತೆ ಬರುವುದೇಕೆ ಅನ್ನುವುದಕ್ಕೆ ಅಜ್ಜಿಯ ಹತ್ತಿರ ಉತ್ತರವಿರಲಿಲ್ಲ. ಶಿಡ್ಲಘಟ್ಟದಲ್ಲಿರುವ ನಮ್ಮ ಚಿಕ್ಕಮ್ಮನ ಪ್ರಶ್ನೆಯೂ ಅದೇ. ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಯೂನಿಟ್ಟೊಂದರಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಹೋದ ವರ್ಷ ಮೂರನೇ ಸಲ ಫೋನ್ ಮಾಡಿದಾಗ ಹೇಳಿದಳು: ‘ಮಾತ್ರೆ ನುಂಗಿದ್ರೆ ಸುಮ್ಕಾಗ್ತದೆ ಕಣಮ್ಮ. ಎರಡು ತಿಂಗ್ಳು ಕಳೀತಿದ್ದಂಗೆ ಮತ್ತೆ ಅದೇ ರಾಮಾಯಣ. ನೀರಿಂದು ಇರ್ಬೇಕು, ನಮ್ಮ ಬೋರ್‌ವೆಲ್‌ನಾಗೆ ಫ್ಲೋರೈಡ್ ಅಂತಾರಲ್ಲ.’

ಫ್ಲೋರೈಡ್ ನಮ್ಮ ಕಡೆಯ ನಿಜವಾದ ಶಾಪ, ಆದರೆ ಅದು ತಿನ್ನುವುದು ಹಲ್ಲು ಮತ್ತು ಮೂಳೆಯನ್ನು. ಈ ಉರಿಗೆ ಅದು ಕಾರಣವಲ್ಲ. ಉಷ್ಣವನ್ನೂ ಬಿಟ್ಟುಬಿಡಿ ಅನ್ನಬೇಕು, ಆದರೆ ಅಜ್ಜಿಯನ್ನು ಗೇಲಿ ಮಾಡುವ ಮನಸ್ಸಿಲ್ಲ. ಸುಮಾರು 3500 ವರ್ಷ ಹಳೆಯ ಈಜಿಪ್ಟಿನ ವೈದ್ಯಗ್ರಂಥ, ಎಬರ್ಸ್ ಪಪೈರಸ್, ಮೂತ್ರಚೀಲದಿಂದ ಹೊರಡುವ ಶಾಖದ ಮಾತಾಡುತ್ತದೆ. ಸುಶ್ರುತ ಸಂಹಿತೆಯಲ್ಲಿ ‘ಉಷ್ಣವಾತ’ ಎಂಬ ಹೆಸರಿನ ಮೂತ್ರರೋಗವೇ ಇದೆ. ಉರಿ ಅನ್ನಿಸಿದ್ದನ್ನು ಬೆಂಕಿಯ ಲೆಕ್ಕಕ್ಕೆ ಬರೆಯುವುದು ಮನುಷ್ಯನ ಹಳೆಯ ಚಟ. 1885ರಲ್ಲಿ ಮ್ಯೂನಿಕ್ ನಗರದ ಮಕ್ಕಳ ವೈದ್ಯ ಥಿಯೋಡೋರ್ ಎಷರಿಕ್ ಎಳೆಕೂಸುಗಳ ಮಲದಲ್ಲಿ ಒಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಗುರುತಿಸಿದ. ಅವನ ಹೆಸರೇ ಅದಕ್ಕೆ ಅಂಟಿಕೊಂಡು ಎಷರಿಕಿಯಾ ಕೋಲಿ ಆಯಿತು, ನಮ್ಮ ಬಾಯಲ್ಲಿ ಇ. ಕೋಲಿ. ಕರುಳಿನಲ್ಲಿ ಇದ್ದರೆ ಪಾಪದ ಪ್ರಾಣಿ. ಅಲ್ಲಿಂದ ನಾಲ್ಕು ಬೆರಳು ಆಚೆಗೆ ಹೋದರೆ ಅದೇ ಕಳ್ಳ. ಮೂತ್ರಚೀಲದ ಸರಳ ಸೋಂಕುಗಳಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಇದರದೇ ಕೆಲಸ. ಹೆಂಗಸರ ಮೂತ್ರನಾಳ ನಾಲ್ಕೇ ಸೆಂಟಿಮೀಟರ್, ಗಂಡಸರದು ಇಪ್ಪತ್ತು. ಹೆಂಗಸರಿಗೇ ಹೆಚ್ಚು ಬರುವುದೇಕೆ ಎಂಬುದಕ್ಕೆ ಇಷ್ಟು ಸಾಕು. ‘ಶುಚಿ ಇಲ್ಲ’ ಎಂಬ ಗೊಣಗಾಟ ಬೇಡ. ಅತಿಯಾಗಿ ಸೋಪು ಹಾಕಿ ತೊಳೆಯುವವರೇ ಅಲ್ಲಿನ ಕಾವಲು ಬ್ಯಾಕ್ಟೀರಿಯಾ ಕಳೆದುಕೊಂಡು ತೊಂದರೆ ತಂದುಕೊಳ್ಳುತ್ತಾರೆ.

ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಬೇರೆ. ಮೂತ್ರಚೀಲ ದಿನಕ್ಕೆ ಆರೇಳು ಸಲ ಪೂರ್ತಿ ಖಾಲಿಯಾಗಿ ತೊಳೆದುಹೋಗುವ ಪಾತ್ರೆ. ಅಂಥ ಪ್ರವಾಹದಲ್ಲಿ ಮಿಲಿಮೀಟರಿನ ಐನೂರನೇ ಒಂದು ಭಾಗದ ಜೀವಿ ನಿಲ್ಲುವುದು ಹೇಗೆ?

ಅದರ ಮೈಮೇಲೆ ನೂರಾರು ಕೂದಲೆಳೆಗಳಿವೆ. ಹೆಸರು ಪಿಲಿ. (ಮಂಗಳೂರಿನ ನನ್ನ ಗೆಳತಿಗೆ ಪಿಲಿ ಅಂದರೆ ಹುಲಿ. ಲ್ಯಾಟಿನ್‌ನಲ್ಲಿ ಕೂದಲು. ಇಲ್ಲಿ ಎರಡೂ ಹೊಂದುತ್ತವೆ.) ಒಂದೊಂದು ಎಳೆಯ ತುದಿಯಲ್ಲೂ ಫಿಮ್‌ಎಚ್ ಎಂಬ ಪ್ರೋಟೀನಿನ ಪುಟ್ಟ ಕೈ. ಮೂತ್ರಚೀಲದ ಒಳಗೋಡೆಯ ಮೇಲೆ ಮ್ಯಾನೋಸ್ ಎಂಬ ಸಕ್ಕರೆಯ ಮೊನೆಗಳಿರುತ್ತವೆ, ಆ ಕೈ ಅದನ್ನು ಹಿಡಿಯುತ್ತದೆ. ಹಿಡಿತ ಅಂದರೆ ಜೋರಾಗಿ ಎಳೆದರೆ ಬಿಡಬೇಕಲ್ಲ? 2002ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ ಉಲ್ಟಾ ಆಯಿತು. ದ್ರವದ ಹರಿವು ಹೆಚ್ಚಿಸಿದಂತೆ ಬ್ಯಾಕ್ಟೀರಿಯಾ ಇನ್ನೂ ಬಿಗಿಯಾಗಿ ಅಂಟಿತು. ಹರಿವು ತಗ್ಗಿದಾಗ ಹಿಡಿತ ಸಡಿಲವಾಯಿತು.

ಕರುವಿನ ಕೊರಳಿಗೆ ಗೊತ್ತಿಲ್ಲದವರು ಜೀರುಕುಣಿಕೆ ಹಾಕಿ ಕಟ್ಟಿದರೆ ಏನಾಗುತ್ತದೆ? ಕರು ಸುಮ್ಮನೆ ನಿಂತಿದ್ದರೆ ಹಗ್ಗ ಸಡಿಲ, ಜಗ್ಗಿದಷ್ಟೂ ಬಿಗಿ. ಫಿಮ್‌ಎಚ್ ಕೂಡ ಹಾಗೇ. ಆ ಕೈಯಲ್ಲಿ ಎರಡು ತುಂಡು: ಸಕ್ಕರೆ ಹಿಡಿಯುವ ಬೆರಳುಗಳದು ಒಂದು, ಎಳೆಗೆ ಜೋಡಿಸಿದ ಮಣಿಕಟ್ಟಿನದು ಇನ್ನೊಂದು. ಎಳೆತವಿಲ್ಲದಾಗ ಮಣಿಕಟ್ಟು ಬೆರಳುಗಳಿಗೆ ಒತ್ತಿಕೊಂಡು ಅವನ್ನು ಪೂರ್ತಿ ಮುಚ್ಚಿಕೊಳ್ಳಲು ಬಿಡುವುದಿಲ್ಲ. ಮೂತ್ರದ ರಭಸ ಬ್ಯಾಕ್ಟೀರಿಯಾವನ್ನು ಎಳೆದಾಗ ಎರಡು ತುಂಡುಗಳ ನಡುವೆ ಅಂತರ ಬೀಳುತ್ತದೆ, ಬೆರಳುಗಳು ಸಕ್ಕರೆಯ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ತಿಪಟೂರಿನ ಕಡೆ ತೆಂಗಿನ ಮರ ಹತ್ತುವವರ ಕಾಲಿಗೆ ಹಗ್ಗದ ಬಳೆ ಇರುತ್ತದಲ್ಲ, ಅದೂ ಇಂಥದ್ದೇ. ಮೈಭಾರ ಬಿದ್ದಾಗ ಮರ ಕಚ್ಚುತ್ತದೆ, ಭಾರ ತೆಗೆದಾಗ ಮೇಲಕ್ಕೆ ಜಾರುತ್ತದೆ. ಬ್ಯಾಕ್ಟೀರಿಯಾ ಕೂಡ ಹರಿವಿಲ್ಲದಾಗ ಜಾರಿಕೊಂಡು ಹೊಸ ಜಾಗ ಹುಡುಕಬಲ್ಲದು, ಹರಿವು ಬಂದಾಗ ಇದ್ದಲ್ಲೇ ಕಚ್ಚುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಎಳೆಯೇ ಸುರುಳಿ ಸುತ್ತಿದ ನೂಲು. ರಭಸ ಜಾಸ್ತಿಯಾದರೆ ಸುರುಳಿ ಬಿಚ್ಚಿಕೊಂಡು ಹಲವು ಪಟ್ಟು ಉದ್ದವಾಗುತ್ತದೆ, ರಭಸ ತಗ್ಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಚಿಕ್ಕಮ್ಮನಿಗೆ ಇದನ್ನು ಹೇಳುವಾಗ ಉಪಮೆ ಹುಡುಕಬೇಕಾಗಲಿಲ್ಲ. ಗೂಡಿನಿಂದ ನೂಲು ಒಂದೇ ಬಿಗುವಿನಲ್ಲಿ ಬರಬೇಕು, ಬಿಗುವು ಏರುಪೇರಾದರೆ ಹರಿಯುತ್ತದೆ ಅನ್ನುವುದು ಅವಳ ಬೆರಳುಗಳಿಗೆ ಗೊತ್ತು. ಇ. ಕೋಲಿಯೂ ಅದನ್ನೇ ಮಾಡುತ್ತದೆ, ನೂಲು ಹರಿಯದಂತೆ ಬಿಡುತ್ತಾ ಎಳೆತವನ್ನು ಸಮ ಮಾಡಿಕೊಳ್ಳುತ್ತದೆ.

ನಮ್ಮ ದೇಹವೂ ಸುಮ್ಮನೆ ಕೂತಿಲ್ಲ. ಮೂತ್ರಪಿಂಡ ದಿನಕ್ಕೆ ಹತ್ತಾರು ಮಿಲಿಗ್ರಾಂ ಯೂರೋಮಾಡ್ಯುಲಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ. 1950ರಲ್ಲಿ ಇದನ್ನು ಬೇರ್ಪಡಿಸಿದವರು ಟ್ಯಾಮ್ ಮತ್ತು ಹಾರ್ಸ್‌ಫಾಲ್. ಅದರ ಎಳೆಗಳು ಮೀನಿನ ಮುಳ್ಳಿನ ಆಕಾರದಲ್ಲಿವೆ, ಮೈಯೆಲ್ಲ ಬ್ಯಾಕ್ಟೀರಿಯಾಕ್ಕೆ ಬೇಕಾದ ಸಕ್ಕರೆ. ಹೊಲದಲ್ಲಿ ಬೆದರುಬೊಂಬೆ ಓಡಿಸುತ್ತದೆ, ಇದು ಕರೆದು ಅಂಟಿಸಿಕೊಂಡು ಮೂತ್ರದ ಜೊತೆ ಹೊರಗೆ ಸಾಗಹಾಕುತ್ತದೆ. ಇದೇ ಉಪಾಯ ನೋಡಿ ‘ಡಿ-ಮ್ಯಾನೋಸ್’ ಪುಡಿ ಮಾರುಕಟ್ಟೆಗೆ ಬಂತು. ಯೋಚನೆ ಸೊಗಸಾಗಿದೆ, ನನಗೂ ಆಸೆಯಿತ್ತು. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ 598 ಹೆಂಗಸರು ಆರು ತಿಂಗಳು ಪುಡಿ ತಿಂದರು, ಅರ್ಧ ಜನ ನಿಜವಾದದ್ದು, ಅರ್ಧ ಜನ ಹುಸಿಯದ್ದು. ಸೋಂಕಿಗೆಂದು ಮತ್ತೆ ವೈದ್ಯರ ಬಳಿ ಹೋದವರು ನೂರಕ್ಕೆ 51 ಮತ್ತು 56. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಲ್ಲ. ಆನ್‌ಲೈನಿನಲ್ಲಿ ಅದರ ಡಬ್ಬಿಗಳು ಇಂದಿಗೂ ಧಾರಾಳವಾಗಿ ಮಾರಾಟವಾಗುತ್ತಿವೆ.

ಅಂಟಿಕೊಂಡ ಮೇಲೆ ಅದು ಒಳಗೆ ಹೋಗುತ್ತದೆ. ಗೋಡೆಯ ಸಂದಿಗಲ್ಲ, ಜೀವಕೋಶದ ಒಳಗೇ. ಮೂತ್ರಚೀಲದ ಒಳಮೈಗೆ ಹೆಂಚು ಹೊದಿಸಿದಂತೆ ದೊಡ್ಡ ದೊಡ್ಡ ಜೀವಕೋಶಗಳು ಹರಡಿರುತ್ತವೆ. ಛತ್ರಿ ಕೋಶಗಳು ಎಂದು ಹೆಸರು. ಚೀಲ ತುಂಬುವಾಗ ಇವು ಹಿಗ್ಗಬೇಕು. ಅದಕ್ಕಾಗಿ ಹೆಚ್ಚುವರಿ ಪೊರೆಯನ್ನು ಒಳಗೆ ಮಡಿಸಿಟ್ಟುಕೊಂಡಿರುತ್ತವೆ, ಸೀರೆಯ ನೆರಿಗೆಯಂತೆ. ತುಂಬಿದಾಗ ನೆರಿಗೆ ಬಿಚ್ಚುತ್ತದೆ, ಖಾಲಿಯಾದಾಗ ಮತ್ತೆ ಒಳಗೆ ಸೇರುತ್ತದೆ. ಪೊರೆಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಆ ನೆರಿಗೆಯ ಜೊತೆಯಲ್ಲೇ ಒಳಗೆ ಹೋಗುತ್ತದೆ, ಸೀರೆಗೆ ಅಂಟಿದ ಉತ್ತರಾಣಿ ಮುಳ್ಳು ಮನೆಯೊಳಗೆ ಬಂದ ಹಾಗೆ. ಜೀವಕೋಶ ಕೆಲವನ್ನು ವಾಪಸು ಉಗಿಯುತ್ತದೆ. ಎಲ್ಲವನ್ನೂ ಅಲ್ಲ.

ಒಳಗೆ ಉಳಿದ ಒಂದು ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಸಾವಿರಾರು ಆಗುತ್ತದೆ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ತಂಡ ಇಲಿಯ ಮೂತ್ರಚೀಲದಲ್ಲಿ ಇಂಥ ಉಬ್ಬಿದ ಜೀವಕೋಶಗಳ ಚಿತ್ರ ತೆಗೆದು, ಅವುಗಳಿಗೆ ಕಾಳಿನ ಕಾಯಿಯ ಹೆಸರಿಟ್ಟಿತು. ಆ ಚಿತ್ರ ನೋಡಿದ ಚಿಕ್ಕಬಳ್ಳಾಪುರದವರಿಗೆ ಸೊಗಡಿನ ಅವರೆಕಾಯಿ ಬಿಟ್ಟು ಇನ್ನೇನೂ ನೆನಪಾಗದು. ಉಬ್ಬು ಉಬ್ಬಾದ ಸಿಪ್ಪೆಯೊಳಗೆ ಒತ್ತೊತ್ತಾಗಿ ಕಾಳು. ಬಲಿತಾಗ ಹಿದುಕಿದ ಬೇಳೆಯಂತೆ ಪಿಚಕ್ಕನೆ ಹೊರಗೆ. ಕೆಲವು ಇಬ್ಭಾಗವಾಗದೆ ಶಾವಿಗೆಯಂತೆ ಉದ್ದುದ್ದ ಬೆಳೆದಿರುತ್ತವೆ. ಬಿಳಿ ರಕ್ತಕಣಗಳಿಗೆ ಅವನ್ನು ನುಂಗಲು ಆಗುವುದಿಲ್ಲ. 2007ರಲ್ಲಿ ಸೋಂಕಿರುವ ಹೆಂಗಸರ ಮೂತ್ರದಲ್ಲೂ ಇಂಥ ಕಾಯಿಗಳೂ ಶಾವಿಗೆಗಳೂ ಸಿಕ್ಕವು.

ದೇಹ ರೇಗಿ ಮೇಲಿನ ಸೋಂಕಿತ ಹೆಂಚುಗಳನ್ನೇ ಕಿತ್ತು ಮೂತ್ರದಲ್ಲಿ ಎಸೆಯುತ್ತದೆ. ಒಳ್ಳೆಯ ಉಪಾಯ, ಆದರೆ ಹೆಂಚು ಎದ್ದಾಗ ಕೆಳಗಿನ ಪದರ ಬಯಲಾಗುತ್ತದೆ. ಅಲ್ಲಿಗೆ ನುಸುಳಿದ ನಾಲ್ಕಾರು ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ, ಒಡೆಯುವುದಿಲ್ಲ, ಮಲಗುತ್ತವೆ. ರಾಗಿ ಹೊಲದಲ್ಲಿ ಕಳೆ ಕಿತ್ತವರಿಗೆ ಜೇಕಿನ ಗಡ್ಡೆ ಗೊತ್ತು. ಮೇಲಿನ ಹುಲ್ಲು ಎಷ್ಟು ಸಲ ಕಿತ್ತರೂ ಮಣ್ಣಿನಲ್ಲಿ ಗಡ್ಡೆ ಇರುತ್ತದೆ, ಒಂದು ಮಳೆಗೆ ಎದ್ದುಬಿಡುತ್ತದೆ. ಆಂಟಿಬಯಾಟಿಕ್ ಮೂತ್ರದಲ್ಲಿರುವ ಹುಲ್ಲನ್ನು ಸುಡುತ್ತದೆ, ಬೆಳೆಯುತ್ತಿರುವುದನ್ನು ಕೊಲ್ಲುತ್ತದೆ. ಜೀವಕೋಶದ ಒಳಗೆ ಮಲಗಿರುವುದು ಅದರ ಕೈಗೆ ಸಿಗುವುದಿಲ್ಲ. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೂ ‘ಏನಿಲ್ಲ’ ಅನ್ನುತ್ತದೆ, ತಿಂಗಳುಗಳ ಮೇಲೆ ಅದೇ ತಳಿ ಎದ್ದು ಬರುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಗಡ್ಡೆಯ ಪುರಾವೆ ಬಹುಪಾಲು ಇಲಿಗಳದು. ಮನುಷ್ಯರಲ್ಲಿ ಇನ್ನೊಂದು ದಾರಿಯೂ ತೆರೆದೇ ಇದೆ: ಕರುಳಿನಲ್ಲಿ ಕೂತ ಅದೇ ತಳಿ ಮತ್ತೆ ಹೊರಗಿನಿಂದ ಏರಿ ಬರುವುದು. ದಾಂಪತ್ಯದ ಒಡನಾಟ ಅದನ್ನು ನಾಳದೊಳಕ್ಕೆ ತಳ್ಳುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ, ಗಂಡನಿಗೆ ರೋಗವಿದೆ ಎಂದೂ ಅರ್ಥವಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಯೋನಿಯಲ್ಲಿ ಕಾವಲು ಕಾಯುವ ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾಗುತ್ತವೆ, ಅಲ್ಲಿನ ಹುಳಿ ತಗ್ಗುತ್ತದೆ, ಇ. ಕೋಲಿಗೆ ಬಾಗಿಲು ಸಲೀಸು. ಚಿಕ್ಕಮ್ಮನಿಗೆ ಐವತ್ತೆರಡು.

ಅವಳ ವಿಷಯದಲ್ಲಿ ಇನ್ನೊಂದಿತ್ತು. ಯೂನಿಟ್ಟಿನಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವಿಲ್ಲ. ಬೆಳಗ್ಗೆ ಎಂಟಕ್ಕೆ ಕೂತರೆ ಎರಡು ಗಂಟೆಗೆ ಊಟಕ್ಕೆ ಮನೆಗೆ ಹೋದಾಗಲೇ ಒಂದಕ್ಕೆ. ಅದಕ್ಕಾಗಿ ನೀರನ್ನೇ ಕುಡಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಆರು ಗಂಟೆಯಲ್ಲಿ ಒಂದು ಬ್ಯಾಕ್ಟೀರಿಯಾ 4096 ಆಗುತ್ತದೆ. ಹರಿವಿನಲ್ಲಿ ಬಿಗಿಯಾಗುವ ಜೀವಿಗೆ ನೀರು ಕುಡಿದು ಏನು ಪ್ರಯೋಜನ ಎಂದು ನೀವು ಕೇಳಬಹುದು. ಅಂಟಿಕೊಂಡದ್ದು ಹೋಗುವುದಿಲ್ಲ ನಿಜ, ಆದರೆ ಅಂಟದೆ ತೇಲುತ್ತಿರುವ ಸಂತಾನವೆಲ್ಲ ಹೋಗುತ್ತದೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪದೇಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುವ 140 ಹೆಂಗಸರಲ್ಲಿ ಅರ್ಧ ಜನ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು. ವರ್ಷಕ್ಕೆ ಅವರಿಗಾದ ಸೋಂಕು ಸರಾಸರಿ 1.7, ಉಳಿದವರಿಗೆ 3.2. ಅಜ್ಜಿಯ ಧನಿಯಾ ನೀರಿನಲ್ಲಿ ನೀರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಚಳಿಜ್ವರ, ಪಕ್ಕೆನೋವು ಬಂದರೆ, ಬಸುರಿಯಾಗಿದ್ದರೆ, ಅದನ್ನು ನೆಚ್ಚಿ ಕೂರಬಾರದು. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಅದರ ಲೆಕ್ಕವೇ ಬೇರೆ.

ಮೂರು ಸಲವೂ ಚಿಕ್ಕಮ್ಮ ಮೆಡಿಕಲ್ ಶಾಪಿನಲ್ಲಿ ‘ಉರಿಮೂತ್ರಕ್ಕೆ ಕೊಡಿ’ ಎಂದು ನಾಲ್ಕು ಮಾತ್ರೆ ಕತ್ತರಿಸಿ ತಂದಿದ್ದಳು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಿದವರಿಲ್ಲ. ಎನ್‌ಡಿಎಂ-1 ಎಂಬ ಕುಖ್ಯಾತ, ಆಂಟಿಬಯಾಟಿಕ್‌ಗಳನ್ನೇ ಮುರಿದುಹಾಕುವ ಕಿಣ್ವ ಮೊದಲು ಪತ್ತೆಯಾದದ್ದು 2008ರಲ್ಲಿ, ದೆಹಲಿಗೆ ಬಂದು ಸ್ವೀಡನ್ನಿಗೆ ಮರಳಿದ ಒಬ್ಬ ರೋಗಿಯ ಮೂತ್ರದ ಸೋಂಕಿನಲ್ಲೇ. ನಾನು ಹಟ ಹಿಡಿದು ಕಲ್ಚರ್ ಮಾಡಿಸಿದೆ. ಎರಡನೇ ದಿನ ತಟ್ಟೆ ತೆಗೆದು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸುವ ಕಡುನೇರಳೆ ಲೋಳೆಯ, ಅಗಾರಿನ ಮೇಲೆ ಚುಕ್ಕೆ ಚುಕ್ಕೆ, ಓರೆ ಮಾಡಿದಾಗ ಲೋಹದ ಹಸಿರು ಹೊಳಪು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯ ಬೆನ್ನು. ಇ. ಕೋಲಿಯೇ. ಅವಳು ನುಂಗುತ್ತಿದ್ದ ಮಾತ್ರೆಗೆ ಅದು ಜಗ್ಗುತ್ತಿರಲಿಲ್ಲ, ನೈಟ್ರೋಫ್ಯುರಾಂಟಾಯಿನ್‌ಗೆ ಬಗ್ಗಿತು. ಡಾಕ್ಟರು ಅದನ್ನು ಐದು ದಿನಕ್ಕೆ ಬರೆದರು, ಜೊತೆಗೆ ಹಚ್ಚಿಕೊಳ್ಳಲು ಈಸ್ಟ್ರೋಜನ್ ಕ್ರೀಮ್.

ಅವತ್ತು ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಇಷ್ಟನ್ನೂ ಹೇಳಿದೆ. ಕುಣಿಕೆ, ನೆರಿಗೆ, ಅವರೆಕಾಯಿ, ಜೇಕಿನ ಗಡ್ಡೆ. ಚಿಕ್ಕಮ್ಮ ಕೈಬೆರಳ ಬಿರುಕುಗಳಿಗೆ ಎಣ್ಣೆ ಸವರಿಕೊಳ್ಳುತ್ತಾ ಕೇಳಿಸಿಕೊಂಡಳು.

‘ಅಂದ್ರೆ ಒಳಗೆ ಗೂಡು ಕಟ್ಕೊಂಡೈತೆ ಅನ್ನು.’

‘ಹೂಂ.’

‘ಗೂಡಾದ್ರೆ ಬಿಸಿನೀರಿಗೆ ಹಾಕಿ ಬಿಚ್ಚಬೋದಲ್ಲ?’

ನಾನು ನಕ್ಕೆ, ಆಮೇಲೆ ನಗು ನಿಂತಿತು. 2006ರಲ್ಲಿ ಸೇಂಟ್ ಲೂಯಿಸ್‌ನವರು ಇಲಿಗಳಲ್ಲಿ ಮಾಡಿದ್ದು ಸರಿಸುಮಾರು ಅದನ್ನೇ. ಬಿಸಿನೀರಿನ ಬದಲು ಪ್ರೊಟಮಿನ್ ಸಲ್ಫೇಟ್ ಎಂಬ ರಾಸಾಯನಿಕ ಬಿಟ್ಟು ಮೂತ್ರಚೀಲದ ಮೇಲ್ಪದರವನ್ನು ಬೇಕೆಂದೇ ಸುಲಿದರು. ಮಲಗಿದ್ದವು ಎದ್ದು ಹೊರಬಂದವು. ಮನುಷ್ಯರಿಗೆ ಅದು ಚಿಕಿತ್ಸೆಯಾಗಿ ಬಂದಿಲ್ಲ ಎಂದೆ.

‘ಇಲಿಗೇನು, ಪುಣ್ಯವಂತ್ರು,’ ಅಂದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಗಟಗಟ ಕುಡಿದಳು, ನಾಳೆ ಯೂನಿಟ್ಟಿನ ಓನರ್ ಹತ್ತಿರ ಶೌಚಾಲಯದ ಮಾತು ಯಾರು ತೆಗೆಯಬೇಕು ಎಂದು ಪಕ್ಕದ ಮನೆಯವಳನ್ನು ಕೂಗಿ ಕೇಳಿದಳು.