ಕುರ್ಚಿಗೆ ಒಂಬತ್ತು ವರ್ಷ, ವಿಮಾನಕ್ಕೆ ಇಪ್ಪತ್ತು

ಹೊಸ ವಿಮಾನವೊಂದು ನಕ್ಷೆಯಿಂದ ಆಕಾಶಕ್ಕೇರಲು ನಮ್ಮಲ್ಲಿ ಹದಿನೈದು-ಇಪ್ಪತ್ತು ವರ್ಷ ಹಿಡಿಯುತ್ತದೆ. ಅದಕ್ಕೆ ಬೇಕಾದ ವಿಜ್ಞಾನ ಒದಗಿಸುವ ಪ್ರಯೋಗಾಲಯದ ನಿರ್ದೇಶಕರು ಸಾಮಾನ್ಯವಾಗಿ ಅಷ್ಟು ಕಾಲ ಕುರ್ಚಿಯಲ್ಲಿ ಇರುವುದಿಲ್ಲ. ಆದ್ದರಿಂದ ‘ಅವರ ಕಾಲದಲ್ಲಿ ಏನು ಹಾರಿತು’ ಎಂದು ಕೇಳಿ ನಿರ್ದೇಶಕರನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್ ಸಂಸ್ಥೆಯನ್ನು 1984ರಿಂದ 1993ರವರೆಗೆ ನಡೆಸಿದ ರೊದ್ದಂ ನರಸಿಂಹ ಅವರ ವಿಷಯದಲ್ಲಂತೂ ಇದು ಪೂರ್ತಿ ನಿಜ.

1959ರಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅಡಿಯಲ್ಲಿ ದೆಹಲಿಯಲ್ಲಿ ಹುಟ್ಟಿದ ಎನ್‌ಎಎಲ್ ಮರುವರ್ಷವೇ ಬೆಂಗಳೂರಿಗೆ ಬಂತು. ಆರಂಭದ ಕಚೇರಿ ಇದ್ದದ್ದು ಮೈಸೂರು ಮಹಾರಾಜರ ಬೆಂಗಳೂರು ಅರಮನೆಯ ಕುದುರೆ ಲಾಯದಲ್ಲಿ. ಮೊದಲ ನಿರ್ದೇಶಕ ಪಿ. ನೀಲಕಂಠನ್ ಅವರು ಶುರುಮಾಡಿಸಿದ 1.2 ಮೀಟರ್ ಅಗಲದ ವಿಂಡ್ ಟನಲ್ 1967ರಲ್ಲಿ ಸಿದ್ಧವಾಯಿತು. ಶಬ್ದದ ಹಲವು ಪಟ್ಟು ವೇಗದ ಗಾಳಿಯನ್ನು ಮಾದರಿಯ ಮೇಲೆ ಹರಿಸುವ ಆ ಸುರಂಗದಲ್ಲೇ ಮುಂದೆ ಇಸ್ರೋದ ರಾಕೆಟ್‌ಗಳೂ ಪರೀಕ್ಷೆಗೊಳಗಾದವು. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಯಲ್ಲಿ ದಿನವೂ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ! ನಂತರ ಬಂದ ಎಸ್.ಆರ್. ವಲ್ಲೂರಿ ಸುಮಾರು ಎರಡು ದಶಕ ಅಧಿಕಾರದಲ್ಲಿದ್ದರು. ಈಗ ಅಂಥ ಅವಧಿಯನ್ನು ಊಹಿಸುವುದೂ ಕಷ್ಟ.

1984ರಲ್ಲಿ ವಲ್ಲೂರಿ ಹಗುರ ಯುದ್ಧವಿಮಾನಕ್ಕೆಂದೇ ಹುಟ್ಟಿದ ಎಡಿಎ ಸಂಸ್ಥೆಗೆ ಹೋದಾಗ ಖಾಲಿಯಾದ ಕುರ್ಚಿಗೆ ಬಂದವರು ನರಸಿಂಹ. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ಕಂಡು ಆ ಕಡೆ ಸೆಳೆತ ಹುಟ್ಟಿತಂತೆ. ಅಲ್ಲಿ ಸತೀಶ್ ಧವನ್ ಗುರುವಾದರು. ಧವನ್ ಓದಿದ್ದ ಅಮೆರಿಕದ ಕ್ಯಾಲ್‌ಟೆಕ್‌ನಲ್ಲೇ ಡಾಕ್ಟರೇಟ್ ಮುಗಿಸಿ 1962ರಲ್ಲಿ ನರಸಿಂಹ ಬೆಂಗಳೂರಿಗೆ ಮರಳಿದರು. ನಯವಾಗಿ ಹರಿಯುವ ಗಾಳಿ ಹೇಗೆ ಪ್ರಕ್ಷುಬ್ಧವಾಗುತ್ತದೆ ಎಂಬುದು ಅವರ ಜೀವಮಾನದ ಪ್ರಶ್ನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಸ್ವಲ್ಪ ಕಾಲ ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿದ್ದು ಕಾರ್ಖಾನೆಯ ಕಷ್ಟವನ್ನೂ ನೋಡಿದ್ದರು. ನಿರ್ದೇಶಕರಾಗಿ ಅವರ ಕೈಹಿಡಿದದ್ದು ಈ ಎರಡನೇ ಅನುಭವವೇ ಎಂದು ನನ್ನ ಅನಿಸಿಕೆ.

ಅವರು ಬಂದಾಗ ಇದ್ದ ದೊಡ್ಡ ಕೊರತೆ ಗಣಕಶಕ್ತಿಯದು. ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಲೆಕ್ಕಹಾಕಲು ಸೂಪರ್ ಕಂಪ್ಯೂಟರ್ ಬೇಕು. ಅದನ್ನು ಕೊಡಲು ಅಮೆರಿಕ ಮೀನಮೇಷ ಎಣಿಸುತ್ತಿತ್ತು. ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಇಂಟೆಲ್ 8086 ಚಿಪ್‌ಗಳನ್ನೇ ಜೋಡಿಸಿ, ಲೆಕ್ಕವನ್ನು ಅವುಗಳಿಗೆ ಹಂಚಿ ಒಟ್ಟಿಗೇ ಮಾಡಿಸಿದರು. 1986ರಲ್ಲಿ ಕೆಲಸ ಶುರುಮಾಡಿದ ಈ ‘ಫ್ಲೋಸಾಲ್ವರ್’ ಭಾರತದ ಮೊದಲ ಪ್ಯಾರಲಲ್ ಕಂಪ್ಯೂಟರ್. ಹೆಸರು ಮಾಡಿದ ‘ಪರಮ್’ ಸೂಪರ್ ಕಂಪ್ಯೂಟರ್ ಬಂದದ್ದು 1991ರಲ್ಲಿ. ನಿರ್ದೇಶಕರು ಇದರಲ್ಲಿ ಸರ್ಕ್ಯೂಟ್ ಬೆಸುಗೆ ಹಾಕಲಿಲ್ಲ, ನಿಜ. ವಿಮಾನ ಪ್ರಯೋಗಾಲಯ ಕಂಪ್ಯೂಟರ್ ಯಾಕೆ ಕಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮಾತ್ರ ಅವರದೇ.

ಇನ್ನೊಂದು ಕೆಲಸದ ಫಲ ಇನ್ನೂ ತಡವಾಗಿ ಕಂಡಿತು. ಹಗುರ ಯುದ್ಧವಿಮಾನ ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದರು. ಕಂಪ್ಯೂಟರ್ ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದನ್ನು ಪೈಲಟ್ ಹಾರಿಸಲಾರ. ಆ ತಿದ್ದುವ ನಿಯಮಗಳನ್ನು ಬರೆಯಲು 1992ರಲ್ಲಿ ಎನ್‌ಎಎಲ್‌ನಲ್ಲಿ ಒಂದು ರಾಷ್ಟ್ರೀಯ ತಂಡ ಕಟ್ಟಿದರು. ಮರುವರ್ಷ ನರಸಿಂಹ ನಿರ್ದೇಶಕ ಸ್ಥಾನ ಬಿಟ್ಟರು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ, ಅಲ್ಲಿ ಇದೇ ಯೋಜನೆಯ ಮೇಲೆ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಮನೆಗೆ ಕಳಿಸಿತು. ಕೆಲಸ ನಿಲ್ಲಲಿಲ್ಲ. 2001ರ ಜನವರಿ 4ರಂದು ವಿಮಾನ ಹಾರಿತು. ನಿಯಮ ಬರೆದ ತಂಡದಲ್ಲಿದ್ದ ಶ್ಯಾಮ್ ಚೆಟ್ಟಿ ಮುಂದೆ ಎನ್‌ಎಎಲ್‌ಗೇ ನಿರ್ದೇಶಕರಾದರು.

ಎಲ್ಲವೂ ಹೀಗೆ ಕೈಗೂಡಲಿಲ್ಲ. ಸಣ್ಣ ಊರುಗಳನ್ನು ಜೋಡಿಸುವ ನಾಗರಿಕ ವಿಮಾನ ‘ಸಾರಸ್’ ಯೋಜನೆಯ ಮಾತು ಶುರುವಾದದ್ದೂ ನರಸಿಂಹ ಅವರ ಕಾಲದಲ್ಲೇ, ರಷ್ಯಾದ ಸಂಸ್ಥೆಯೊಂದರ ಜತೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಆ ಜತೆ ಉಳಿಯಲಿಲ್ಲ. 2004ರಲ್ಲಿ ಮೊದಲ ಹಾರಾಟ. 2009ರ ಮಾರ್ಚ್‌ನಲ್ಲಿ ಬಿಡದಿ ಬಳಿ ಪತನವಾಗಿ ಮೂವರು ವಾಯುಪಡೆ ಅಧಿಕಾರಿಗಳು ತೀರಿಕೊಂಡರು. ಯೋಜನೆ ವರ್ಷಗಟ್ಟಲೆ ನಿಂತು, 2018ರಲ್ಲಿ ತಿದ್ದಿದ ಮಾದರಿ ಮತ್ತೆ ಹಾರಿತು. ಯುದ್ಧವಿಮಾನದ ಬೆನ್ನಿಗೆ ವಾಯುಪಡೆ, ರಕ್ಷಣಾ ಸಚಿವಾಲಯ, ಎಡಿಎ ಎಲ್ಲವೂ ಇದ್ದವು. ಸಾರಸ್‌ಗೆ ಅಂಥ ಗಟ್ಟಿ ಗಿರಾಕಿ ಇರಲಿಲ್ಲ. ನಿರ್ದೇಶಕರು ಎಷ್ಟೇ ಸಮರ್ಥರಿದ್ದರೂ ಗಿರಾಕಿಯನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಗದು.

ನರಸಿಂಹ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ವೇಳೆಗೆ ‘ತೇಜಸ್’ ಹೆಸರಿನಲ್ಲಿ ಯುದ್ಧವಿಮಾನ ವಾಯುಪಡೆಯ ಸೇವೆಗೆ ಸೇರಿಯಾಗಿತ್ತು. ಸಾರಸ್‌ನಲ್ಲಿ ಮಾತ್ರ ಒಬ್ಬ ಪ್ರಯಾಣಿಕನೂ ಟಿಕೆಟ್ ಕೊಂಡು ಹಾರಿರಲಿಲ್ಲ.