ಮೊಲಕ್ಕೆ ಸ್ನಾನ ಬೇಡ, ಹುಲ್ಲು ಹಾಕಿ

ಮಳೆಗಾಲದ ಒಂದು ಸಂಜೆ ದಂಪತಿಯೊಬ್ಬರು ತಮ್ಮ ಮೊಲವನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಓಡಿ ಬಂದರು. ಹಿಂಭಾಗವೆಲ್ಲ ಗಲೀಜಾಗಿ ಅಂಟಿಕೊಂಡಿತ್ತೆಂದು ಮಕ್ಕಳ ಶಾಂಪೂ ಹಾಕಿ ಮೀಯಿಸಿದ್ದರಂತೆ. ಮೊಲದ ಕಿವಿ ತಣ್ಣಗಿತ್ತು, ಮಿಸುಕಾಡುತ್ತಿರಲಿಲ್ಲ. ಮೊಲದ ತುಪ್ಪಟ ಎಷ್ಟು ದಟ್ಟವೆಂದರೆ ಒಮ್ಮೆ ಚರ್ಮದವರೆಗೆ ನೆನೆದರೆ ಗಂಟೆಗಟ್ಟಲೆ ಒಣಗುವುದಿಲ್ಲ; ಅಷ್ಟರಲ್ಲಿ ಮೈಬಿಸಿ ಇಳಿದುಹೋಗುತ್ತದೆ. ಗಾಬರಿಯಿಂದ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದು. ಪುಣ್ಯಕ್ಕೆ ಈ ಮೊಲ ನಿಧಾನವಾಗಿ ಬೆಚ್ಚಗಾಯಿತು, ರಾತ್ರಿ ಹೊತ್ತಿಗೆ ಕೊತ್ತಂಬರಿ ಸೊಪ್ಪನ್ನು ಮೂಸಿತು.

ಆಮೇಲೆ ನಾನು ಕೇಳಿದ್ದು ಊಟದ ಬಗ್ಗೆ. ಬೆಳಿಗ್ಗೆ ಬ್ರೆಡ್, ಮಧ್ಯಾಹ್ನ ಕ್ಯಾರೆಟ್, ಬಟ್ಟಲು ತುಂಬ ಪೆಲೆಟ್ ಎಂಬ ಗುಳಿಗೆಯಂಥ ಒಣ ಆಹಾರ. ಹುಲ್ಲು? "ಅಪಾರ್ಟ್‌ಮೆಂಟಿನಲ್ಲಿ ಹುಲ್ಲು ಎಲ್ಲಿಂದ ತರುವುದು ಡಾಕ್ಟರೇ?" ಎಂದರು.

ಮೊಲ ಎರಡು ಬಗೆಯ ಮಲ ಹಾಕುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಒಂದು, ನಮಗೆ ಕಾಣುವ ಗಟ್ಟಿ ಹಿಕ್ಕೆ: ಒಣಗಿರುತ್ತದೆ, ವಾಸನೆಯಿಲ್ಲ, ಗುಲಾಬಿ ಕುಂಡಕ್ಕೆ ನೇರವಾಗಿ ಹಾಕಬಹುದು. ಇನ್ನೊಂದು, ಸೀಕಮ್ ಎಂಬ ದೊಡ್ಡ ಚೀಲದಂಥ ಕರುಳಿನಲ್ಲಿ ಹುದುಗಿ ಬರುವ, ಪುಟ್ಟ ದ್ರಾಕ್ಷಿ ಗೊಂಚಲಿನಂತಿರುವ ಮೆತ್ತನೆಯ ಸಿಕೋಟ್ರೋಪ್. ಇದನ್ನು ಮೊಲ ಗುದಕ್ಕೇ ಬಾಯಿ ಹಾಕಿ ನೇರವಾಗಿ ತಿಂದುಬಿಡುತ್ತದೆ. ಅಸಹ್ಯಪಡಬೇಡಿ, ಮೊಲಕ್ಕೆ ಬೇಕಾದ ವಿಟಮಿನ್ ಬಿ ಇರುವುದೇ ಅದರಲ್ಲಿ. ಪಿಷ್ಟ, ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾದಾಗ ಇದು ಅಂಟಂಟಾಗುತ್ತದೆ. ಮೊಲ ದಪ್ಪಗಾಗಿದ್ದರಂತೂ ಅಲ್ಲಿಗೆ ಬಾಯಿ ಎಟುಕುವುದೂ ಇಲ್ಲ. ಉಳಿದದ್ದು ಬಾಲದ ಕೆಳಗೆ ಮೆತ್ತಿಕೊಳ್ಳುತ್ತದೆ. ಮನೆಯವರು ಅದನ್ನು ಭೇದಿ ಎಂದುಕೊಂಡು ಬಕೆಟ್ಟಿನಲ್ಲಿ ನೀರು ತುಂಬುತ್ತಾರೆ.

ಆದ್ದರಿಂದ ಮೊಲದ ಸ್ವಚ್ಛತೆ ಹುಲ್ಲಿನಿಂದ ಶುರುವಾಗುತ್ತದೆ. ದಿನವಿಡೀ ಮೊಲದ ಮುಂದೆ ಒಣಹುಲ್ಲು ಇರಬೇಕು, ಅದರ ಮೈಯಷ್ಟು ದೊಡ್ಡ ರಾಶಿ. ಆಮದಾಗುವ ಟಿಮೊಥಿ ಹುಲ್ಲು ದುಬಾರಿ. ನೆರಳಿನಲ್ಲಿ ಒಣಗಿಸಿದ ಗರಿಕೆ ಚೆನ್ನಾಗಿ ಒಗ್ಗುತ್ತದೆ. ಗಣಪನಿಗೆ ಕೊಂಡ ಗರಿಕೆಯಲ್ಲಿ ಒಂದು ಕಟ್ಟು ಮೊಲಕ್ಕೂ ಇರಲಿ, ತೊಳೆದು ಕೊಟ್ಟರಾಯಿತು.

ಇದೇ ಹುಲ್ಲು ಲಿಟರ್ ತರಬೇತಿಯ, ಅಂದರೆ ಒಂದೇ ಟ್ರೇಯಲ್ಲಿ ಮಲಮೂತ್ರ ಮಾಡಲು ಕಲಿಸುವುದರ, ಗುಟ್ಟೂ ಹೌದು. ಮೊಲಕ್ಕೆ ಮೆಲ್ಲುತ್ತಲೇ ಹಿಕ್ಕೆ ಹಾಕುವ ಅಭ್ಯಾಸ. ಹುಲ್ಲಿನ ಬುಟ್ಟಿಯನ್ನು ಟ್ರೇಯ ಒಂದು ತುದಿಗೆ ತಾಗಿಸಿ ಇಟ್ಟರೆ ಅರ್ಧ ಪಾಠ ಮುಗಿದಂತೆ. ಸಾಕುಪ್ರಾಣಿಗಳ ಅಂಗಡಿಯ ಆ ತ್ರಿಕೋನಾಕಾರದ ಮೂಲೆ ಟ್ರೇ ನನಗೆ ಇಷ್ಟವಿಲ್ಲ. ಅದರಲ್ಲಿ ಮೊಲ ತಿರುಗಲೂ ಆಗದು. ಪಾತ್ರೆ ಅಂಗಡಿಯ ಅಗಲವಾದ, ಅಂಚು ತಗ್ಗಿರುವ ಪ್ಲಾಸ್ಟಿಕ್ ಟಬ್ ಸಾಕು. ತಳಕ್ಕೆ ಕಾಗದದ ಅಥವಾ ಮರದ ಹೊಟ್ಟಿನ ಪೆಲೆಟ್, ಮೇಲೆ ಒಂದು ಹಿಡಿ ಹುಲ್ಲು. ನೀರು ತಾಗಿದರೆ ಗಟ್ಟಿಯಾಗುವ, ಬೆಕ್ಕಿನ ಟ್ರೇಗೆ ಹಾಕುವ ಲಿಟರ್ ಪುಡಿ ಖಂಡಿತ ಬೇಡ. ಮೊಲ ಅದನ್ನು ಕಡಿದು ನುಂಗಿದರೆ ಕರುಳು ಕಟ್ಟುತ್ತದೆ. ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ.

ಜಾಗವನ್ನು ಆರಿಸುವುದು ನೀವಲ್ಲ. ಮೊದಲ ವಾರ ಮೊಲವನ್ನು ಒಂದು ಸಣ್ಣ ಆವರಣದಲ್ಲಿಡಿ, ಯಾವ ಮೂಲೆಯಲ್ಲಿ ಮೂತ್ರ ಮಾಡುತ್ತದೆ ನೋಡಿ, ಟ್ರೇಯನ್ನು ಅಲ್ಲಿಗೆ ಒಯ್ಯಿರಿ. ಬಾಲ್ಕನಿಯೇ ಆಗಬೇಕು ಎಂದು ಹಟ ಹಿಡಿಯಬೇಡಿ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ವಾದ ಮೊಲದ ಮುಂದೆ ನಡೆಯುವುದಿಲ್ಲ. ಮೂತ್ರ ಒರೆಸಿದ ಟಿಶ್ಯೂ, ಚದುರಿದ ನಾಲ್ಕು ಹಿಕ್ಕೆಗಳನ್ನು ಟ್ರೇಗೆ ಹಾಕಿ. ಗದರಿದರೆ ಅದು ನಿಮ್ಮನ್ನು ಕಂಡರೆ ಅಡಗಲು ಮಾತ್ರ ಕಲಿಯುತ್ತದೆ.

ನಾಲ್ಕರಿಂದ ಆರು ತಿಂಗಳ ನಡುವೆ, ಚೆನ್ನಾಗಿ ಕಲಿತಿದ್ದ ಮೊಲವೇ ಸೋಫಾ, ಹಾಸಿಗೆ ಎನ್ನದೆ ಮೂತ್ರ ಚಿಮ್ಮಿಸತೊಡಗುತ್ತದೆ. ಅದು ಪ್ರಾಯಕ್ಕೆ ಬಂದು ಗಡಿ ಗುರುತು ಹಾಕುತ್ತಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳಲ್ಲಿ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಹೆಣ್ಣು ಮೊಲಕ್ಕೆ ಇದು ಇನ್ನೂ ಮುಖ್ಯ, ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಅವುಗಳಲ್ಲಿ ಬಹಳ ಸಾಮಾನ್ಯ. ಶಸ್ತ್ರಚಿಕಿತ್ಸೆಗೆ ಮುನ್ನ ಮೊಲವನ್ನು ರಾತ್ರಿಯಿಡೀ ಉಪವಾಸ ಇಡಿ ಎಂದು ಯಾರಾದರೂ ಹೇಳಿದರೆ, ಅವರು ಮೊಲಗಳಿಗೆ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆಂದು ವಿನಯದಿಂದ ವಿಚಾರಿಸಿ. ಮೊಲದ ಹೊಟ್ಟೆ ಖಾಲಿ ಇರಬಾರದು.

ಟ್ರೇಯಲ್ಲಿ ಬಿಳಿ ಸುಣ್ಣದಂಥ ಕಲೆ ಕಟ್ಟಿದರೆ ಅದು ಮೂತ್ರದಲ್ಲಿ ಹೊರಬೀಳುವ ಕ್ಯಾಲ್ಸಿಯಂ. ಬಿಳಿ ವಿನೆಗರ್ ಸುರಿದು ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಹೋಗುತ್ತದೆ. ಮೂತ್ರ ಕಿತ್ತಳೆ ಅಥವಾ ಕೆಂಪಾಗಿ ಕಂಡರೆ ಹಲವು ಸಲ ಅದು ತಿಂದ ಸೊಪ್ಪಿನ ಬಣ್ಣ. ಆದರೂ ಒಮ್ಮೆ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆಯಾಗದ ಹೆಣ್ಣಾದರೆ ತಡಮಾಡಬೇಡಿ.

ಹಿಂಭಾಗಕ್ಕೆ ಮೆತ್ತಿದ್ದನ್ನು ತೆಗೆಯಲು ಕಾರ್ನ್‌ಫ್ಲೋರ್ ಉದುರಿಸಿ, ಬೆರಳಿನಿಂದ ಬಿಡಿಸಿ, ಮೆಲ್ಲಗೆ ಬಾಚಿ. ಎಳೆಯಬೇಡಿ, ಚರ್ಮ ಕಾಗದದಂತೆ ಹರಿಯುತ್ತದೆ. ತೀರಾ ಅಂಟಿದ್ದರೆ ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಅಷ್ಟೇ ಜಾಗ ಒರೆಸಿ, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಬಾಲ ಎತ್ತಿ ನೋಡಲೇಬೇಕು. ಗಲೀಜಿನ ಮೇಲೆ ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳುವಾಗಿ ಮಾಂಸ ತಿನ್ನತೊಡಗುತ್ತದೆ; ಹುಳು ಕಂಡರೆ ಅದು ಅರ್ಧರಾತ್ರಿಯಾದರೂ ವೈದ್ಯರ ಕೆಲಸ. ಉಣ್ಣೆ, ಚಿಗಟಕ್ಕೆಂದು ನಾಯಿಗೆ ಹಚ್ಚುವ ಫಿಪ್ರೊನಿಲ್ ಔಷಧಿಯನ್ನು ಮಾತ್ರ ಮೊಲಕ್ಕೆ ಹಚ್ಚಬೇಡಿ, ಅದು ಮೊಲಕ್ಕೆ ವಿಷ.

ಆ ದಂಪತಿ ಈಗ ಬೆಳಿಗ್ಗೆ ಕಾಫಿಗೂ ಮುಂಚೆ ಟ್ರೇ ನೋಡುತ್ತಾರೆ. ಹಿಕ್ಕೆ ಕಡಲೆಕಾಳಿನಷ್ಟಿದ್ದು ಧಾರಾಳವಾಗಿದ್ದರೆ ಸರಿ. ಸಣ್ಣದಾಗಿದ್ದರೆ ಹುಲ್ಲು ತಿಂದಿಲ್ಲ. ರಾತ್ರಿಯಿಂದ ಒಂದೂ ಇಲ್ಲದಿದ್ದರೆ ಫೋನ್ ಮಾಡಿ ಸಮಯ ಕೇಳಬೇಡಿ, ನೇರವಾಗಿ ಬನ್ನಿ ಎಂದು ಅವರಿಗೆ ಹೇಳಿಟ್ಟಿದ್ದೇನೆ.