ದೇವಿಗೆ ಉಡಿ, ಮಗಳಿಗೆ ಹಕ್ಕುಬಿಡುಗಡೆ ಪತ್ರ

1878ರಲ್ಲಿ ಕಲ್ಕತ್ತೆಯ ಪಂಡಿತರು ಇಪ್ಪತ್ತರ ಹುಡುಗಿಯೊಬ್ಬಳ ಸಂಸ್ಕೃತ ಕೇಳಿ ದಂಗಾದರು. ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. ಆಕೆ ನಮ್ಮ ಕಡೆಯವಳೇ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಜವಾಬು ಕೊಟ್ಟ ಮನುಷ್ಯ. ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಮಗಳೇ ರಮಾಬಾಯಿ.

ಗಂಡ ತೀರಿಕೊಂಡ ಮೇಲೆ, 1882ರಲ್ಲಿ, ಎಳೆ ಮಗುವನ್ನು ಕಟ್ಟಿಕೊಂಡು ಆಕೆ ಪುಣೆಗೆ ಬಂದರು. ಹೆಣ್ಣಿನ ಓದಿನ ಜಗಳ ಪುಣೆಗೆ ಹೊಸದೇನೂ ಅಲ್ಲ. 1848ರಲ್ಲೇ ಫುಲೆ ದಂಪತಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು, ಪಾಠಕ್ಕೆ ಹೊರಟ ಸಾವಿತ್ರಿಬಾಯಿ ಮೇಲೆ ಊರಿನವರು ಕೆಸರು ಎರಚಿದ್ದರು. ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಹೋಗಿ, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕರು, ಹೆಣ್ಣು ಡಾಕ್ಟರುಗಳು ಬೇಕು ಎಂದರು. ಅಲ್ಲಿವರೆಗೆ ಸರಸ್ವತಿಯ ಬಗ್ಗೆ ಸುಧಾರಕರಿಗೆ ಹೆಮ್ಮೆಯೇ.

1883ರಲ್ಲಿ ಇಂಗ್ಲೆಂಡಿಗೆ ಹೋದವರು ಕ್ರೈಸ್ತರಾದರು. 1889ರಲ್ಲಿ ಮುಂಬೈನಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಬಾಲವಿಧವೆಯರು ಅಲ್ಲಿ ಓದತೊಡಗಿದರು. 1893ರಲ್ಲಿ ಕೆಲವು ಹುಡುಗಿಯರು ಕ್ರೈಸ್ತ ಧರ್ಮದ ಕಡೆ ವಾಲಿದರೆಂದು ಗದ್ದಲ ಎದ್ದಿತು. ತಿಲಕರ ಪತ್ರಿಕೆ ‘ಕೇಸರಿ’ ಹರಿಹಾಯಿತು. ಜತೆಗಿದ್ದ ಸುಧಾರಕರಾದ ರಾನಡೆ, ಭಂಡಾರ್ಕರ್ ಕೂಡ ಹಿಂದೆ ಸರಿದರು. ಮತಾಂತರದ ಸಿಟ್ಟು ಸುಳ್ಳೇನೂ ಅಲ್ಲ. ಆದರೆ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಆ ಹುಡುಗಿಯರ ಕೈಗೆ ಪುಸ್ತಕ ಕೊಟ್ಟವರು ಅದಕ್ಕೂ ಮೊದಲು ಎಷ್ಟು ಮಂದಿ ಇದ್ದರು ಹೇಳಿ. ಅದೇ ವರ್ಷ ಧೋಂಡೋ ಕೇಶವ ಕರ್ವೆ ಮದುವೆಯಾದದ್ದು ಶಾರದಾ ಸದನದಲ್ಲಿ ಓದಿದ ವಿಧವೆಯನ್ನೇ. 1896ರಲ್ಲಿ ಅವರು ವಿಧವೆಯರಿಗೆ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ.

ದೇವಿಯ ಹೆಸರಿಟ್ಟು ಕರೆದ ಹೆಣ್ಣಿಗೆ ಆದದ್ದು ಇದು. ಹಾಗಂತ ದೇವಿಯ ಕತೆಯಲ್ಲಿ ಹೆಂಗಸರಿಗೆ ಏನೂ ಇಲ್ಲ ಅಂತಲ್ಲ. ದೇವೀ ಮಹಾತ್ಮೆ ನೋಡಿ. ಮಹಿಷನಿಗೆ ಸೋತ ದೇವತೆಗಳ ತೇಜಸ್ಸೆಲ್ಲ ಒಂದಾಗಿ ಅವಳು ಎದ್ದು ನಿಲ್ಲುತ್ತಾಳೆ. ಶಿವ ಶೂಲ ಕೊಡುತ್ತಾನೆ, ವಿಷ್ಣು ಚಕ್ರ. ಯುದ್ಧ ಮುಗಿದ ಮೇಲೆ ಆಯುಧ ವಾಪಸ್ ಕೊಡು ಎಂದು ಕೇಳುವ ದೇವರು ಆ ಕತೆಯಲ್ಲಿ ಒಬ್ಬನೂ ಇಲ್ಲ. ಕೇಳುವವರೆಲ್ಲ ಭೂಮಿ ಮೇಲೆ ಇದ್ದಾರೆ, ಅಲ್ವಾ?

ಉತ್ತರ ಕರ್ನಾಟಕದಿಂದ ಪುಣೆಗೆ ಬಂದ ಎಷ್ಟೋ ಮನೆಗಳಿಗೆ ಕೊಲ್ಲಾಪುರದ ಮಹಾಲಕ್ಷ್ಮಿ ಕುಲದೇವಿ. ಅವಳ ಗರ್ಭಗುಡಿಗೆ ಹೋಗಲು 2016ರಲ್ಲೂ ಹೆಂಗಸರು ಜಗಳವಾಡಬೇಕಾಯಿತು. ಹೆಂಗಸರನ್ನು ತಡೆಯುತ್ತಿದ್ದ ಶನಿ ಶಿಂಗಣಾಪುರದ ಶನಿ ದೇವಸ್ಥಾನದ ಕೇಸಿನಲ್ಲಿ ಬಾಂಬೆ ಹೈಕೋರ್ಟು ಆಗಷ್ಟೇ ದೇವಸ್ಥಾನ ಪ್ರವೇಶದ ಬಗ್ಗೆ ಇರುವ ಮಹಾರಾಷ್ಟ್ರದ 1956ರ ಕಾನೂನನ್ನು ನೆನಪಿಸಿತ್ತು: ಗಂಡಸರು ಹೋಗುವ ಕಡೆ ಹೆಂಗಸರನ್ನು ತಡೆಯುವ ಹಾಗಿಲ್ಲ. ಅರುವತ್ತು ವರ್ಷ ಸುಮ್ನೆ ಕಪಾಟಿನಲ್ಲಿದ್ದ ಕಾನೂನು. ಇತ್ತ ಪುಣೆಯ ಜ್ಞಾನ ಪ್ರಬೋಧಿನಿ ಸಂಸ್ಥೆಯಲ್ಲಿ ಪೌರೋಹಿತ್ಯ ಕಲಿತ ಹೆಂಗಸರು ಮದುವೆ ಮಾಡಿಸುತ್ತಿದ್ದಾರೆ.

ನನ್ನ ಲೆಕ್ಕದಲ್ಲಿ ಗುಡಿಗಿಂತ ದೊಡ್ಡ ಜಗಳ ಹೊಲದ್ದು. ನವರಾತ್ರಿಯಲ್ಲಿ ದೇವಿಗೆ ಉಡಿ ತುಂಬುವ ಮನೆಯಿಂದಲೇ, ಮಗಳನ್ನು ‘ಮನೆಯ ಲಕ್ಷ್ಮಿ’ ಎನ್ನುವ ಬಾಯಿಂದಲೇ ಫೋನು ಬರುತ್ತದೆ: “ಅಕ್ಕಾ, ಒಂದು ದಿನ ಊರಿಗೆ ಬಂದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡಿ ಹೋಗು.” ಸಹಿ ಬೀಳುವುದು ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಎನ್ನುವ ಹಕ್ಕುಬಿಡುಗಡೆ ಪತ್ರಕ್ಕೆ. ಅಕ್ಕನ ಪಾಲು ಅರಿಶಿನ-ಕುಂಕುಮದ ಹೆಸರಿನಲ್ಲಿ ಒಂದು ಸೀರೆಗೆ ಮುಗಿಯುತ್ತದೆ. ಒಲ್ಲೆ ಎಂದರೆ ತವರಿನ ಬಾಗಿಲು ಮುಚ್ಚುವ ಭಯ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೆ ಹಕ್ಕು ಕೊಟ್ಟಿತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ತಿದ್ದುಪಡಿ ತಂದವು. ಅಷ್ಟರಲ್ಲಿ ಮದುವೆಯಾಗಿದ್ದ ಹೆಣ್ಣುಮಕ್ಕಳು ಹೊರಗುಳಿದರು. ಆ ಅಡ್ಡಿ ತೆಗೆದದ್ದು 2005ರ ಕೇಂದ್ರದ ತಿದ್ದುಪಡಿ. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ತಕರಾರು ಸುಪ್ರೀಂ ಕೋರ್ಟಿನಲ್ಲಿ ಬಗೆಹರಿಯಲು 2020 ಬರಬೇಕಾಯಿತು. ವಿನೀತಾ ಶರ್ಮಾ ಕೇಸಿನಲ್ಲಿ ಕೋರ್ಟು ಹೇಳಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಬದುಕಿರಲೇಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಅಕ್ಕ ತಾನೇ ಸಹಿ ಹಾಕಿ ರಿಜಿಸ್ಟರ್ ಮಾಡಿಸಿದ ಹಕ್ಕುಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಲು ಕಷ್ಟ.